ಮಳೆತೋಟದ ಹೊನಗೊನ್ನಿ

ನಾನು ಗದಗದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ವಿಭಾಗದ ಉಪನ್ಯಾಸಕಿ. ಮನೆ ಇರುವುದು ಲಕ್ಷ್ಮೇಶ್ವರದಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ತಿರುಗಿ ಬರುವುದು ಹದಿನಾರು ವರ್ಷಗಳ ರೂಢಿ. ನನ್ನ ಪಾಠ ತಲೆಗೆ ಹತ್ತುತ್ತದೆ ಎಂದು ಹುಡುಗರು ಹೇಳುತ್ತಿದ್ದರು; ನಾನೂ ಅದನ್ನು ನಂಬಿದ್ದೆ. ಈಗ ಬರೆಯುತ್ತಿರುವುದು ನಾನು ಕಲಿಸಿ ಮಾಡಿಸಿದ ಒಂದು ಕೆಲಸದ ಬಗ್ಗೆ. ಆ ಕೆಲಸ ಅಂದುಕೊಂಡ ಹಾಗೆಯೇ ನಡೆಯಿತು. ಆದರೂ ಅದನ್ನು ನೆನೆದರೆ ಇವತ್ತಿಗೂ ನನಗೆ ತಲೆ ಎತ್ತಲಾಗುವುದಿಲ್ಲ.

ಕೊನೆಯ ವರ್ಷದ ಐದು ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ವಿಷಯ ಕೇಳಿಕೊಂಡು ಬಂದಾಗ ಮಳೆತೋಟ ಮಾಡಿರಿ ಅಂದೆ. ಹೆಸರು ಕೇಳಿಯೇ ನಕ್ಕರು. ನಮ್ಮ ಸೀಮೆಗೆ ಮಳೆ ಬರುವುದೇ ಅಷ್ಟಕ್ಕಷ್ಟೆ, ಅದಕ್ಕೊಂದು ತೋಟ ಬೇರೆ ಎಂದು ಅವರಿಗೆ ಅನ್ನಿಸಿರಬೇಕು. ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ಮಳೆ ಬಿದ್ದಾಗ ರಸ್ತೆಯ ಮೇಲಿನ ಎಣ್ಣೆ, ಮಸಿ, ಟೈರಿನ ಪುಡಿ ಎಲ್ಲವನ್ನೂ ತೊಳೆದುಕೊಂಡು ನೀರು ಇಳಿಜಾರಿಗೆ ಹರಿಯುತ್ತದೆ. ಅದು ಬಾವಿಗೋ ಕೆರೆಗೋ ಸೇರುವ ಮೊದಲು ದಾರಿಯಲ್ಲಿ ಒಂದು ಅಗಲವಾದ ತಗ್ಗು ತೋಡಬೇಕು. ತಳಕ್ಕೆ ಜಲ್ಲಿ, ಅದರ ಮೇಲೆ ದಪ್ಪ ಮರಳು, ಅದರ ಮೇಲೆ ಗೊಬ್ಬರ ಬೆರೆಸಿದ ಹಗುರ ಮಣ್ಣು, ಆ ಮಣ್ಣಿನಲ್ಲಿ ನೀರನ್ನೂ ಬಿಸಿಲನ್ನೂ ತಡೆಯುವ ಗಿಡಗಳು. ಹೊಲಸು ನೀರು ಅಲ್ಲಿ ಒಂದೆರಡು ತಾಸು ನಿಂತು, ಸೋಸಿಕೊಂಡು, ತಿಳಿಯಾಗಿ ಕೆಳಗಿಳಿಯುತ್ತದೆ.

"ಅಷ್ಟ ಏನ್ರಿ ಮೇಡಂ?" ಎಂದ ಒಬ್ಬ.

"ಅಷ್ಟ. ಮಾಡಾಕ ಕುಂತಾಗ ಗೊತ್ತಾಗ್ತೈತಿ" ಎಂದೆ.

ಜಾಗ ಹುಡುಕಲು ಗದಗ-ಬೆಟಗೇರಿಯಲ್ಲಿ ಬೇಕಾದಷ್ಟು ಗಟಾರಗಳಿದ್ದವು. ಆದರೂ ನಾನು ಲಕ್ಷ್ಮೇಶ್ವರವನ್ನೇ ಆರಿಸಿದೆ. ಮನೆಗೆ ಹತ್ತಿರ ಎಂಬುದು ಒಂದು ಕಾರಣ. ನನ್ನೂರಿನವರು ನೋಡಲಿ ಎಂಬುದು ಇನ್ನೊಂದು. ಅದನ್ನು ಆಗ ಯಾರಿಗೂ ಹೇಳಲಿಲ್ಲ. ಕಾಳಿನ ಪೇಟೆಯ ಹಿಂದೆ ಒಂದು ಓಣಿಯಿದೆ. ಅದರ ಒಂದು ಬದಿಗೆ ಟ್ರ್ಯಾಕ್ಟರು, ಮೋಟರ್‌ಸೈಕಲ್ಲು ರಿಪೇರಿ ಮಾಡುವ ಗ್ಯಾರೇಜುಗಳು, ಕೊನೆಗೆ ಹಳೆಯ ಬ್ಯಾಟರಿಗಳನ್ನು ಬಿಚ್ಚಿ ಸರಿಮಾಡುವ ಒಂದು ಅಂಗಡಿ. ಓಣಿಯ ನೀರೆಲ್ಲ ಹರಿದು ತಗ್ಗಿನಲ್ಲಿದ್ದ ಹಳೆಯ ಬಾವಿಗೆ ಬೀಳುತ್ತಿತ್ತು. ಅಕ್ಕಪಕ್ಕದವರು ಬಟ್ಟೆಗೆ, ಪಾತ್ರೆಗೆ ಆ ಬಾವಿಯ ನೀರನ್ನೇ ಬಳಸುತ್ತಿದ್ದರು. ಮಳೆಗಾಲದಲ್ಲಿ ಅದರ ಮೇಲೆ ಎಣ್ಣೆಯ ಬಣ್ಣ ತೇಲುತ್ತಿತ್ತು.

ಬಾವಿಗೆ ಹತ್ತಿರದ ಮನೆ ಕಾಯಿಪಲ್ಯ ಮಾರುವ ಒಬ್ಬ ಹೆಂಗಸಿನದು. ಐವತ್ತರ ಮೇಲಿನ ವಯಸ್ಸು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ನಾಲ್ಕು ವರ್ಷದ ಮೊಮ್ಮಗಳು ಹಗಲೆಲ್ಲ ಆಕೆಯ ಸೆರಗು ಹಿಡಿದೇ ಇರುತ್ತಿದ್ದಳು. ಬೆಳಿಗ್ಗೆ ಬುಟ್ಟಿ ಹೊತ್ತು ಮನೆಮನೆಗೆ ಸೊಪ್ಪು ಮಾರಿ ಬರುತ್ತಿದ್ದ ಆಕೆ ನಮ್ಮ ಅತ್ತೆಗೂ ಪರಿಚಯದವಳು. ನಾವು ತಗ್ಗು ತೋಡಲು ಬಂದಾಗ ಸಲಿಕೆ, ಗುದ್ದಲಿ ಇಡಲು ತನ್ನ ಪಡಸಾಲೆಯನ್ನು ಬಿಟ್ಟುಕೊಟ್ಟಳು. ಮಧ್ಯಾಹ್ನ ಹುಡುಗರಿಗೆ ಮಜ್ಜಿಗೆ ಕೊಟ್ಟಳು.

"ಅಕ್ಕಾರ, ಇಷ್ಟ ಓದಿ ಮಣ್ಣ ಹೊರಾಕ ಹಚ್ಚೀರಲ್ರಿ ಹುಡುಗೂರನ್ನ" ಎಂದು ನನ್ನನ್ನು ಕೇಳಿ ತಾನೇ ನಕ್ಕಳು.

ಹುಡುಗರು ಆ ಎರಡು ತಿಂಗಳು ಕಲಿತದ್ದು ಮೂರು ವರ್ಷದ ಪಾಠಕ್ಕಿಂತ ಹೆಚ್ಚು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಓಣಿಯುದ್ದಕ್ಕೂ ಇಳಿಜಾರು ಅಳೆದರು. ಒಂದು ಸಣ್ಣ ಗುಂಡಿ ತೋಡಿ, ಅದಕ್ಕೆ ಕೊಡ ನೀರು ಹೊಯ್ದು, ಎಷ್ಟು ಹೊತ್ತಿಗೆ ಇಂಗುತ್ತದೆ ಎಂದು ಗಡಿಯಾರ ಹಿಡಿದು ಕುಳಿತರು. ನಮ್ಮದು ಎರೆಮಣ್ಣು; ನೀರು ಮರುದಿನವೂ ಹಾಗೇ ನಿಂತಿತ್ತು. ಆ ಮಣ್ಣನ್ನು ತೆಗೆಯದೆ ಗತಿಯಿಲ್ಲ ಎಂದು ಅವರೇ ಕಂಡುಕೊಂಡರು. ಶಿರಹಟ್ಟಿ ಕಡೆಯಿಂದ ನೀರು ಬೇಗ ಇಂಗುವ ಮಸಾರಿ ಮಣ್ಣು ತಂದರು. ಗುಂಪಿನ ಒಬ್ಬನ ಊರು ಮುಂಡರಗಿ ತಾಲೂಕಿನ ಕೊರ್ಲಹಳ್ಳಿ. ಹೊಳೆಯ ಮರಳು ನೋಡುತ್ತಲೇ ಬೆಳೆದ ಅವನು ಮರಳನ್ನು ಮುಷ್ಟಿಯಲ್ಲಿ ಹಿಡಿದು ಇದು ಸೋಸುತ್ತದೆ, ಇದು ಸೋಸುವುದಿಲ್ಲ ಎಂದು ಬೇರ್ಪಡಿಸುತ್ತಿದ್ದ.

ಗುಂಪಿನಲ್ಲಿ ಒಬ್ಬ ಹುಡುಗಿ ಇದ್ದಳು. ಸೊರಟೂರಿನವಳು, ಒಕ್ಕಲುತನದ ಮನೆಯವಳು. ಮಾತು ಕಡಿಮೆ. ಆದರೆ ಒಂದು ಸಲ ಪ್ರಶ್ನೆ ಹಿಡಿದರೆ ಬಿಡುವವಳಲ್ಲ. ಒಂದು ದಿನ ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದಳು:

"ಮೇಡಂ, ನೀರು ಸ್ವಚ್ಛ ಆಗಿ ಕೆಳಗ ಹೋತು ಅಂದ್ರಿ. ಹಂಗಾರ ಹೊಲಸು ಎಲ್ಲಿ ಹೋತ್ರಿ?"

"ಮಣ್ಣಾಗ ಉಳೀತೈತಿ. ಒಂದಿಷ್ಟು ಗಿಡ ಹೀರ್ಕೊಂತಾವ."

"ಎಣ್ಣಿ ಕಾಲಾಂತರಕ್ಕ ಕರಗಬಹುದ್ರಿ. ಬ್ಯಾಟ್ರಿ ಅಂಗಡಿಯಿಂದ ಬರೂ ಸೀಸ ಕರಗಾಂಗಿಲ್ಲಲ್ರಿ. ಅದು ಅಲ್ಲೇ ಕೂಡ್ಕೋತ ಹೋಗ್ತೈತೇನ್ರಿ?"

ಪ್ರಶ್ನೆ ಸರಿಯಾಗಿತ್ತು. ಉತ್ತರವೂ ನನಗೆ ಗೊತ್ತಿತ್ತು. ಆದರೆ ಆ ದಿನ ಪೈಪಿನ ಲೆಕ್ಕ ಮುಗಿಸಬೇಕಿತ್ತು. "ಅದನ್ನ ರಿಪೋರ್ಟಿನ್ಯಾಗ ಬರಿ" ಎಂದು ಅವಳನ್ನು ಕೂರಿಸಿದೆ.

ಅವಳು ಬರೆದಳು. ರಿಪೋರ್ಟಿನ ಕೊನೆಗೆ ಒಂದು ಪೂರ್ತಿ ಪುಟ. ಮೇಲಿನ ಮಣ್ಣನ್ನು ವರ್ಷಕ್ಕೊಮ್ಮೆ ಕೆರೆದು ತೆಗೆದು ಯಾರೂ ಮುಟ್ಟದ ಕಡೆ ಇಡಬೇಕು. ಇಲ್ಲಿ ಬೆಳೆದದ್ದನ್ನು ಜನ ತಿನ್ನಬಾರದು, ದನಕ್ಕೂ ಹಾಕಬಾರದು. ಹಾಗೆಂದು ಓದಲು ಬರುವ ದೊಡ್ಡ ಅಕ್ಷರದಲ್ಲಿ ಒಂದು ಬೋರ್ಡು ಹಚ್ಚಬೇಕು.

ಆ ಪುಟವನ್ನು ನಾನೇ ತೆಗೆಸಿದೆ. ಪ್ರಾಜೆಕ್ಟುಗಳ ಪ್ರದರ್ಶನ ಹತ್ತಿರ ಬಂದಿತ್ತು. ಹೊರಗಿನಿಂದ ಪರೀಕ್ಷಕರು ಬರುವವರಿದ್ದರು.

"ಇದನ್ನ ಓದಿದ್ರ, ಊರ ನಡುವ ವಿಷದ ಗುಂಡಿ ತೋಡೀರೇನು ಅಂತ ಕೇಳ್ತಾರವಾ. ಕೆಲಸ ಚಲೋ ಆಗೇತಿ. ಕೊನೀಗೆ ಅಪಶಕುನ ಯಾಕ?" ಎಂದೆ.

ಅವಳು ಪುಟ ತೆಗೆದು ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡಳು. ಬೋರ್ಡನ್ನೇನೋ ಹಚ್ಚಿದೆವು. ಅದರ ಮೇಲೆ ಮಳೆತೋಟ ಎಂದು ಬರೆಸಿ, ಕೆಳಗೆ ಕಾಲೇಜಿನ ಹೆಸರು, ಮಾರ್ಗದರ್ಶಕರು ಎಂದು ನನ್ನ ಹೆಸರು ಹಾಕಿಸಿದೆ.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ದೊಡ್ಡ ಮಳೆ ಬಂತು. ಅದೃಷ್ಟಕ್ಕೆ ನಾವೆಲ್ಲ ಅಲ್ಲೇ ಇದ್ದೆವು. ಓಣಿಯ ಕಪ್ಪು ನೀರು ರಭಸದಿಂದ ಬಂದು ತಗ್ಗಿನಲ್ಲಿ ಮೊಣಕಾಲೆತ್ತರ ನಿಂತಿತು. ಹುಡುಗರು ತೋಯ್ಸಿಕೊಂಡೇ ಸುತ್ತ ನಿಂತು ನೋಡುತ್ತಿದ್ದರು. ಕಾಯಿಪಲ್ಯದ ಹೆಂಗಸು ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಬಾವಿಯ ಕಡೆಗೆ ಬಿಟ್ಟಿದ್ದ ಪೈಪಿನ ಬಾಯಿ ಕಾಯುತ್ತ ಕುಳಿತಿದ್ದಳು. ಅರ್ಧ ತಾಸಿನ ಮೇಲೆ ಅಲ್ಲಿಂದ ಕೂಗಿ ಹೇಳಿದಳು:

"ಅಕ್ಕಾರ, ನೀರು ತಿಳಿ ಬಂತ್ರಿ."

ಹೋಗಿ ನೋಡಿದೆ. ಬೊಗಸೆಯಲ್ಲಿ ಹಿಡಿದರೆ ಅಂಗೈಯ ಗೆರೆ ಕಾಣುತ್ತಿತ್ತು. ಹುಡುಗರು ಬಾಟಲಿಗಳಲ್ಲಿ ತುಂಬಿಕೊಂಡರು. ಪ್ರದರ್ಶನದಲ್ಲಿ ಆ ಬಾಟಲಿಗಳ ಮುಂದೆ ಜನ ನಿಂತು ನಿಂತು ಹೋದರು. ನಮಗೆ ಮೊದಲ ಸ್ಥಾನ ಬಂತು. ವಿದ್ಯಾರ್ಥಿಗಳು ಪಾಸಾಗಿ ಹೋದರು. ಸೊರಟೂರಿನ ಹುಡುಗಿಗೆ ಗದಗದಲ್ಲೇ ಒಬ್ಬ ಗುತ್ತಿಗೆದಾರರ ಹತ್ತಿರ ಸೈಟು ನೋಡಿಕೊಳ್ಳುವ ಕೆಲಸ ಸಿಕ್ಕಿತು.

ಶ್ರಾವಣದ ಹೊತ್ತಿಗೆ ಮಳೆತೋಟ ಹಸಿರಾಗಿ ತುಂಬಿಕೊಂಡಿತ್ತು. ನಾವು ಹಚ್ಚಿದ್ದು ಲಾವಂಚ, ಕಾಬಾಳೆ, ಒಂದಿಷ್ಟು ಜೊಂಡು. ಅವುಗಳ ಸಂದಿಯಲ್ಲಿ ನಾವು ಹಚ್ಚದ ಹೊನಗೊನ್ನಿ ಸೊಪ್ಪು ತಾನಾಗಿಯೇ ಎದ್ದು ಹಬ್ಬಿತ್ತು. ತೇವ ಕಂಡಲ್ಲಿ ಅದು ಬರುವುದೇ. ಒಂದು ಸಂಜೆ ನಾನು ಅಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದೆ. ಮರುದಿನ ಕೆಲವು ಅಧಿಕಾರಿಗಳು ತೋಟ ನೋಡಲು ಬರುವವರಿದ್ದರು; ಎಷ್ಟು ಗಂಟೆಗೆ, ಯಾರ್‍ಯಾರು ಎಂಬ ಮಾತು ನಡೆದಿತ್ತು. ಕಾಯಿಪಲ್ಯದ ಹೆಂಗಸು ಹತ್ತಿರ ಬಂದು ಸ್ವಲ್ಪ ಹೊತ್ತು ಕಾದು ಮೆಲ್ಲಗೆ ಕೇಳಿದಳು:

"ಅಕ್ಕಾರ, ಹೊನಗೊನ್ನಿ ಭಾಳ ಎದ್ದೈತ್ರಿ. ಕೊಯ್ಕೊಳ್ಳಲೇನ್ರಿ?"

ನಾನು ಫೋನು ಕಿವಿಗೆ ಹಿಡಿದುಕೊಂಡೇ ತಲೆಯಾಡಿಸಿದೆ. ಕೈಯಿಂದಲೂ ಹೂಂ ಅನ್ನುವಂತೆ ಸನ್ನೆ ಮಾಡಿದೆ. ಆಮೇಲೆ ಎಷ್ಟೋ ಸಲ, ಆಗ ನನಗೆ ಕೇಳಿಸಿರಲಿಲ್ಲ ಎಂದು ನನ್ನನ್ನು ನಾನು ನಂಬಿಸಲು ನೋಡಿದ್ದೇನೆ. ಕೇಳಿಸಿತ್ತು. ಏನು ಕೇಳುತ್ತಿದ್ದಾಳೆಂದು ತಿಳಿದೇ ತಲೆಯಾಡಿಸಿದ್ದೆ. ಆ ಹೊತ್ತಿನಲ್ಲಿ ನನಗೆ ಹುಡುಗಿಯ ಪುಟ ನೆನಪಾಗಲಿಲ್ಲ, ಅಷ್ಟೆ.

ನಾಲ್ಕು ತಿಂಗಳು ಕಳೆದವು. ಎಳ್ಳಮಾಸಿ ಹಬ್ಬದ ಮುಂಚೆ ಒಂದು ಭಾನುವಾರ ಅಡುಗೆಮನೆಗೆ ಹೋದರೆ ಅತ್ತೆ ಸೊಪ್ಪು ಸೋಸುತ್ತ ಕುಳಿತಿದ್ದರು. ಮೊರದ ತುಂಬ ಹೊನಗೊನ್ನಿ. ಒಲೆಯ ಮೇಲೆ ಬೇಳೆ ಬೇಯುತ್ತಿತ್ತು.

"ಹೊನಗೊನ್ನಿ ಇಷ್ಟು ಚಲೋ ಎಲ್ಲಿ ಸಿಕ್ತ್ರಿ ಅತ್ತಿ?" ಎಂದೆ. ಸುಮ್ಮನೆ ಮಾತಿಗೆ ಕೇಳಿದ್ದು.

"ಎಲ್ಲಿ ಅಂದ್ರ? ನಿನ್ನ ತ್ವಾಟದ್ದ ಅಲ್ಲೇನು. ಅಕ್ಕಾರ ತ್ವಾಟದ್ದು ಅಂತ ಹೇಳಿ ಆಕಿ ನಮಗ ಒಂದು ಹಿಡಿ ಜಾಸ್ತಿನ ಹಾಕಿ ಹೋಗ್ತಾಳ. ಶ್ರಾವಣದಿಂದ ತಿನ್ನಾಕತ್ತೇವಿ. ನಿನಗ ಗೊತ್ತಿಲ್ಲೇನು?"

ಮೊರ ಎತ್ತಿಕೊಂಡು ಹಿತ್ತಲಿಗೆ ಹೋಗಿ ಸೊಪ್ಪನ್ನೆಲ್ಲ ಕಸದ ಬುಟ್ಟಿಗೆ ಸುರಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಯಾಕವಾ? ಹುಳ ಇದ್ದೂವೇನು?"

"ಹೂಂ, ಹುಳ ಇದ್ದೂವ್ರಿ" ಎಂದೆ.

ಮರುದಿನವೇ ಓಣಿಗೆ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ತೋಟದ ಮಣ್ಣನ್ನೂ ಒಂದಿಷ್ಟು ಸೊಪ್ಪನ್ನೂ ತೆಗೆದುಕೊಂಡು ಧಾರವಾಡದಲ್ಲಿರುವ ನನ್ನ ಒಬ್ಬ ಸಹಪಾಠಿಯ ಮೂಲಕ ಪರೀಕ್ಷೆಗೆ ಕಳಿಸಿದೆ. ಅದೂ ಆಕೆ ಬುಟ್ಟಿ ಹೊತ್ತು ಹೋದ ಹೊತ್ತು ನೋಡಿ ತೆಗೆದುಕೊಂಡು ಬಂದದ್ದು. ರಿಪೋರ್ಟು ಬರದೆ ಹೇಗೆ ಹೇಳುವುದು, ಇಲ್ಲದ ಗಾಬರಿ ಯಾಕೆ ಎಬ್ಬಿಸುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರವೂ ಆಕೆ ನಮ್ಮ ಮನೆಗೆ ಸೊಪ್ಪು ತಂದಳು. ಬೇಡವೆಂದರೆ ಯಾಕೆಂದು ಕೇಳುತ್ತಾಳೆ. ಆದ್ದರಿಂದ ಅತ್ತೆಯ ಕೈಯಿಂದ ನಾನೇ ಇಸಿದುಕೊಂಡು, ಒಳಗೆ ಒಯ್ದು, ಬಿಸಾಡುತ್ತಿದ್ದೆ. ನಮ್ಮ ಮನೆಯವರು ತಿನ್ನದಂತೆ ನೋಡಿಕೊಂಡೆ. ಆಕೆಯ ಬುಟ್ಟಿ ಅಲ್ಲಿಂದ ಮುಂದಿನ ಮನೆಗೆ ಹೋಗುವುದನ್ನು ಕಿಟಕಿಯಿಂದ ನೋಡುತ್ತಿದ್ದೆ.

ರಿಪೋರ್ಟು ಬಂತು. ತಿನ್ನುವ ಸೊಪ್ಪಿನಲ್ಲಿ ಇರಬಾರದಷ್ಟು ಸೀಸ ಅದರಲ್ಲಿತ್ತು. ಮಣ್ಣಿನಲ್ಲಿ ಇನ್ನೂ ಹೆಚ್ಚು. ಮಳೆತೋಟ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು.

ಆ ಸಂಜೆ ಸೊರಟೂರಿನ ಹುಡುಗಿಗೆ ಫೋನು ಮಾಡಿದೆ. ಯಾಕೆ ಅವಳಿಗೇ ಮಾಡಿದೆನೋ. ಬಹುಶಃ ಒಬ್ಬಳೇ ಹೋಗುವ ಧೈರ್ಯವಿರಲಿಲ್ಲ. ಎಲ್ಲವನ್ನೂ ಹೇಳಿದೆ, ಮೂರು ವಾರ ಸುಮ್ಮನಿದ್ದದ್ದನ್ನೂ. ಅವಳು ಬಯ್ಯಲಿ ಎಂದು ಕಾದೆ.

"ನಾಡದ್ದು ರಜಾ ಐತ್ರಿ. ನಾ ಬರ್ತೀನಿ ಮೇಡಂ" ಎಂದಷ್ಟೇ ಹೇಳಿದಳು.

ಎರಡು ದಿನದ ಮೇಲೆ ಇಬ್ಬರೂ ಹೋದೆವು. ಹೆಂಗಸು ಪಡಸಾಲೆಯಲ್ಲಿ ಮೊಮ್ಮಗಳಿಗೆ ತಲೆ ಬಾಚುತ್ತಿದ್ದಳು. ಚಾಪೆ ಹಾಸಿ "ಕುಂಡ್ರಿ ಅಕ್ಕಾರ" ಎಂದಳು. ನಾನು ಕುಳಿತು, ನೀರು ಹೇಗೆ ಸ್ವಚ್ಛವಾಗುತ್ತದೆ, ಅದರ ಹೊಲಸು ಎಲ್ಲಿ ಉಳಿಯುತ್ತದೆ, ಸೊಪ್ಪಿಗೆ ಅದು ಹೇಗೆ ಏರುತ್ತದೆ ಎಂದು ಪಾಠದ ಹಾಗೆಯೇ ಹೇಳಿದೆ. ನನಗೆ ಬೇರೆ ರೀತಿಯಲ್ಲಿ ಹೇಳಲು ಬರಲಿಲ್ಲ. ಆಕೆಯ ಕೈಯಲ್ಲಿದ್ದ ಹಣಿಗೆ ನಿಂತಿತು.

"ಈ ಕೂಸು ದಿನಾ ತಿಂದೈತ್ರಿ" ಎಂದಳು. "ಉಳದದ್ದು ಮಾರಿ ಬಂದು, ಕಡೀ ಸೂಡು ಇದಕ್ಕ ಅಂತ ತೆಗದಿಡ್ತಿದ್ದೆ. ರಕ್ತ ಚಲೋ ಆಗ್ತೈತಿ ಅಂತ."

ಹಣಿಗೆಯನ್ನು ಕೆಳಗಿಟ್ಟು ಆಕೆಯೇ ಕೇಳಿದಳು:

"ಯಾವಾಗ ಗೊತ್ತಾತ್ರಿ ನಿಮಗ?"

"ಮೊನ್ನಿ ರಿಪೋರ್ಟ್ ಬಂತ್ರಿ" ಎಂದೆ.

ಆ ಮಾತು ಸುಳ್ಳಲ್ಲ. ರಿಪೋರ್ಟು ಬಂದದ್ದು ಮೊನ್ನೆಯೇ. ಪಕ್ಕದಲ್ಲಿ ಕುಳಿತಿದ್ದ ಹುಡುಗಿ ತಲೆ ತಗ್ಗಿಸಿ ಚಾಪೆಯ ಕಡ್ಡಿ ಕೀಳತೊಡಗಿದಳು.

ಹೆಂಗಸು ಎದ್ದು ಬುಟ್ಟಿ ತೆಗೆದಳು. ಅದರಲ್ಲಿದ್ದ ಹೊನಗೊನ್ನಿಯನ್ನೆಲ್ಲ ನನ್ನ ಮುಂದೆ ಸುರಿದಳು.

"ಇದನ್ನ ಏನು ಮಾಡ್ತೀರೋ ಮಾಡ್ರಿ. ಆದ್ರ ನಾ ತಿನಿಸಿದ ಮನಿಗಳಿಗೆ ಯಾರು ಹೇಳಬೇಕ್ರಿ? ನಾ ಹೇಳಿದ್ರ ನನ್ನ ಬುಟ್ಟ್ಯಾಗಿಂದು ಒಂದು ಮೆಂತೆ ಸೂಡೂ ಯಾರೂ ತೊಗೊಳ್ಳಾಂಗಿಲ್ಲ. ನೀವ ಬರ್ರಿ ನನ್ನ ಜೋಡಿ. ನೀವ ಹೇಳ್ರಿ."

ಹೋದೆವು. ಎರಡು ದಿನ ಬೆಳಿಗ್ಗೆ ಆಕೆ ಸೊಪ್ಪು ಹಾಕುವ ಮನೆಗಳಿಗೆಲ್ಲ ತಿರುಗಿದೆವು. ಆಕೆ ಬಾಗಿಲು ಬಡಿದು ಬದಿಗೆ ನಿಲ್ಲುತ್ತಿದ್ದಳು. ನಾನು ಹೆಸರು ಹೇಳಿಕೊಂಡು, ತಪ್ಪು ನನ್ನದು, ಈಕೆಯದಲ್ಲ, ಈಕೆ ನನ್ನನ್ನು ಕೇಳಿಯೇ ಕೊಯ್ದದ್ದು ಎಂದು ಹೇಳುತ್ತಿದ್ದೆ. ಒಂದು ಮನೆಯಲ್ಲಿ ಯಜಮಾನರು ನಕ್ಕು, "ನಾವು ತಿಂದು ಗಟ್ಟಿಮುಟ್ಟ ಅದೇವಲ್ರಿ" ಎಂದರು. ಇನ್ನೊಂದು ಮನೆಯಲ್ಲಿ ಬಸುರಿ ಸೊಸೆಯೊಬ್ಬಳು ಕೇಳಿ ಮುಖ ಬಿಳಿಚಿ ಒಳಗೆ ಹೋದಳು. ಅವಳ ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕಲತವರು ಅಂತ ನಂಬಿದ್ವಿ" ಎಂದು ಬಾಗಿಲು ಹಾಕಿಕೊಂಡರು. ಆ ಸೊಸೆಗೆ ಮುಂದೆ ಚೆನ್ನಾಗಿಯೇ ಹೆರಿಗೆಯಾಯಿತು ಎಂದು ಕೇಳಿದ್ದೇನೆ. ಆದರೆ ಹೆರಿಗೆಯವರೆಗಿನ ತಿಂಗಳುಗಳನ್ನು ಅವಳು ಹೇಗೆ ಕಳೆದಳೋ ನಾನು ಕೇಳಲು ಹೋಗಿಲ್ಲ.

ಮೊಮ್ಮಗಳನ್ನು ಗದಗದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಸೀಸ ಇದ್ದದ್ದು ಖರೆ ಎಂದು ಗೊತ್ತಾಯಿತು. ಗಾಬರಿಯಾಗುವಷ್ಟಿಲ್ಲ, ಆದರೆ ಇರಬಾರದು ಎಂದರು ಡಾಕ್ಟರು. ಹಾಲು, ಮೊಟ್ಟೆ, ಬೆಲ್ಲ ಕೊಡಿ, ಕೈ ತೊಳೆಸಿ ಉಣಿಸಿ, ಮೂರು ತಿಂಗಳಿಗೆ ಮತ್ತೆ ಬನ್ನಿ ಎಂದರು. ಮನೆ ಎಲ್ಲಿದೆ ಎಂದು ಕೇಳಿ, "ಬ್ಯಾಟರಿ ಅಂಗಡಿ ಎದುರಿಗೇ ಆಡುವ ಮಗು. ಧೂಳಿನಿಂದಲೂ ಬಂದಿರಬಹುದು. ಸೊಪ್ಪಿನಿಂದ ಎಷ್ಟು ಅಂತ ಹೇಳಾಕಾಗೂದಿಲ್ಲ" ಎಂದರು. ಆ ಮಾತು ಕೇಳಿದ ಕೂಡಲೇ ನನ್ನ ಎದೆ ಹಗುರಾಯಿತು. ಅಜ್ಜಿಯ ತೊಡೆಯ ಮೇಲೆ ಮಗು ಸೂಜಿ ಚುಚ್ಚಿದ ಕೈ ಹಿಡಿದುಕೊಂಡು ಬಿಕ್ಕುತ್ತಿತ್ತು, ನಾನು ಆ ಧೂಳಿಗೆ ಒಳಗೊಳಗೇ ಕೃತಜ್ಞಳಾಗಿದ್ದೆ. ನನ್ನ ಬಗ್ಗೆ ನನಗೆ ಹೇಸಿಕೆಯಾದದ್ದು ತೋಟದ ದಿನಕ್ಕಿಂತ ಆ ಕ್ಷಣಕ್ಕೆ ಹೆಚ್ಚು.

ಮುಂದಿನ ಬ್ಯಾಚಿನ ಹುಡುಗರನ್ನು ಕರೆದುಕೊಂಡು ಹೋಗಿ ತೋಟದ ಹೊನಗೊನ್ನಿಯನ್ನು ಬೇರುಸಹಿತ ಕಿತ್ತೆವು. ಮೇಲಿನ ಮಣ್ಣನ್ನು ಕೆರೆದು ಡ್ರಮ್ಮುಗಳಲ್ಲಿ ತುಂಬಿದೆವು. ಅದನ್ನು ಎಲ್ಲಿ ಹಾಕಬೇಕೆಂದು ಯಾರನ್ನು ಕೇಳಿದರೂ ಉತ್ತರ ಸಿಗಲಿಲ್ಲ. ಆ ಡ್ರಮ್ಮುಗಳು ಇವತ್ತಿಗೂ ನಮ್ಮ ಲ್ಯಾಬಿನ ಹಿಂದೆ ತಗಡು ಮುಚ್ಚಿಕೊಂಡು ನಿಂತಿವೆ. ಬ್ಯಾಟರಿ ಅಂಗಡಿಯವನು ಹಲವು ಸಲ ಹೇಳಿಸಿಕೊಂಡ ಮೇಲೆ ತೊಳೆದ ನೀರನ್ನು ಓಣಿಗೆ ಬಿಡುವುದನ್ನು ನಿಲ್ಲಿಸಿ ಒಂದು ತೊಟ್ಟಿಗೆ ಬಿಡುತ್ತಿದ್ದಾನೆ. ತಂತಿಬೇಲಿ ಹಾಕಿಸಿದೆವು. ಬೋರ್ಡು ಬದಲಿಸಿದೆವು.

ಇಷ್ಟೆಲ್ಲ ಆದರೂ 'ಮೊನ್ನಿ' ಎಂದ ಆ ಒಂದು ಮಾತು ನನ್ನೊಳಗೆ ಉಳಿದೇ ಇತ್ತು. ಯುಗಾದಿ ಮುಗಿದ ಮೇಲೆ ಒಂದು ದಿನ ಮನಸ್ಸು ಗಟ್ಟಿ ಮಾಡಿಕೊಂಡು ಆಕೆಯ ಮನೆಗೆ ಹೋದೆ. ಆಕೆ ಈಗ ಹೊಲದವರಿಂದ ಸೊಪ್ಪು ತಂದು ಮಾರುತ್ತಾಳೆ. ಮೆಂತೆ, ರಾಜಗಿರಿಯ ಸೂಡು ಕಟ್ಟುತ್ತ ಕುಳಿತಿದ್ದಳು.

"ನಿಮಗ ಒಂದು ಮಾತು ಹೇಳಬೇಕಿತ್ರಿ. ಅವತ್ತು ಮೊನ್ನಿ ರಿಪೋರ್ಟ್ ಬಂತು ಅಂದೆ. ಅದಕ್ಕೂ ಮೊದಲ..."

"ಮೂರು ವಾರ ಮೊದಲ ಗೊತ್ತಿತ್ತು" ಎಂದಳು, ಕಟ್ಟುತ್ತಿದ್ದ ಸೂಡಿನಿಂದ ಕಣ್ಣೆತ್ತದೆ. "ಎಳ್ಳಮಾಸಿಕಿಂತ ಮುಂಚೇನ ಸೊಪ್ಪು ಚೆಲ್ಲಿದ್ರಂತಲ್ರಿ. ನಿಮ್ಮ ಅತ್ತಿ ಹೇಳಿದ್ರು. ನನ್ನ ಸೊಪ್ಪಿನ್ಯಾಗ ಹುಳ ಇದ್ದೂ ಅಂತ ಪಾಪ ನನಗ ಬಯ್ದಿದ್ರು."

"ಯಾವಾಗ ಹೇಳಿದ್ರು?"

"ಆ ಸೋಮವಾರನ. ನೀವು ಬಂದು ಚಾಪಿ ಮ್ಯಾಲೆ ಕುಂತು ಹೇಳುಮುಂದನ ನನಗ ಲೆಕ್ಕ ಹತ್ತಿತ್ರಿ."

ಹಾಗಾದರೆ ನಾನು ಆಕೆಯ ಎದುರಿಗೆ ಆ ಮಾತು ಆಡಿದಾಗಲೂ, ಆಮೇಲೆ ಎರಡು ದಿನ ಒಂದೊಂದೇ ಬಾಗಿಲ ಮುಂದೆ ನಿಂತು ತಪ್ಪು ನನ್ನದು ಎಂದು ದೊಡ್ಡದಾಗಿ ಹೇಳುತ್ತಿದ್ದಾಗಲೂ ಆಕೆಗೆ ಗೊತ್ತಿತ್ತು. ಬದಿಗೆ ನಿಂತು ಕೇಳಿಸಿಕೊಂಡಿದ್ದಳು.

"ಮತ್ತ ಆವಾಗ ಯಾಕ ಅನ್ನಲಿಲ್ರಿ?" ಎಂದೆ.

"ಅಂದಿದ್ರ ನೀವು ನನ್ನ ಜೋಡಿ ಮನಿ ಮನಿಗೆ ಬರತಿದ್ರೇನ್ರಿ?"

ಬರುತ್ತಿದ್ದೆ ಎಂದು ಹೇಳಬೇಕೆಂದುಕೊಂಡೆ. ಖಾತ್ರಿಯಾಗಲಿಲ್ಲ. ಕ್ಷಮಿಸ್ರಿ ಎಂದೆ. ಆಕೆ ಕಟ್ಟಿದ ಸೂಡುಗಳ ಮೇಲೆ ನೀರು ಚಿಮುಕಿಸಿ ಒದ್ದೆ ಬಟ್ಟೆ ಹೊದಿಸಿದಳು.

ಎರಡನೇ ಸಲ ರಕ್ತ ಪರೀಕ್ಷೆಯ ದಿನ ಬಂದಾಗ ನಾನು ಕಾಲೇಜಿಗೆ ರಜೆ ಹಾಕಿ ಬೆಳಿಗ್ಗೆಯೇ ಬಸ್‌ಸ್ಟ್ಯಾಂಡಿಗೆ ಹೋದೆ. ಆಕೆ, ಸೊಸೆ, ಮಗು ಮೂವರೂ ಗದಗದ ಬಸ್ಸಿಗೆ ನಿಂತಿದ್ದರು. ನನ್ನನ್ನು ನೋಡಿ ಆಕೆ ಎರಡು ಹೆಜ್ಜೆ ಮುಂದೆ ಬಂದಳು.

"ಇನ್ನ ನೀವು ಬರೂದು ಬ್ಯಾಡ್ರಿ. ದವಾಖಾನಿ ದಾರಿ ನಮಗ ಗೊತ್ತಾಗೇತಿ. ನಾವ ಹೋಗಿ ಬರ್ತೇವಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ಬಂತು, ಹತ್ತಿ ಹೋದರು. ಸೀಸ ಇಳಿದಿದೆಯೆಂಬ ಖಬರು ನನಗೆ ತಿಳಿದದ್ದು ನಾಲ್ಕು ದಿನದ ಮೇಲೆ, ಅತ್ತೆಯ ಬಾಯಿಂದ.